ಕಾವು

ಕಾಮಾಕ್ಷಿಪಾಳ್ಯದಿಂದ ವಿಜಯನಗರಕ್ಕೆ ಬಸ್ಸಲ್ಲೇ ಬಂದನಂತೆ,
ಡಬ್ಬಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು.
ಮೈಬಿಸಿ ಆರಬಾರದು, ಮುಕ್ಕಾಲು ಗಂಟೆ ಮೀರಬಾರದು
ಎಂದು ಫೋನಿನಲ್ಲಿ ಹೇಳಿದ್ದು ನಾನೇ.
ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದು
ಕಾವಿಗೆ ಕೂತ ಕೋಳಿಯ ಹಾಗೆ ಅಲುಗದೆ ನಿಂತಿದ್ದನಂತೆ,
ಕಂಡಕ್ಟರಿಗೆ ಚಿಲ್ಲರೆ ತೆಗೆಯಲೂ
ಆ ಕೈ ಎತ್ತದೆ.

ಡಬ್ಬಿಯ ಚೀಟಿಯಲ್ಲಿ ಅವನ ಹೆಸರಿಲ್ಲ.
ವಿನುತಾ ಅವರ ಪತಿ, ಅಷ್ಟೇ.
ನಮ್ಮಲ್ಲಿ ಫೈಲು ತೆರೆಯುವುದು ಹೆಂಗಸಿನ ಹೆಸರಿಗೆ.
ಮೂರು ವರ್ಷದ ದಪ್ಪ ಅದಕ್ಕೆ:
ಅವಳ ಥೈರಾಯ್ಡು, ನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ,
ಹನ್ನೊಂದು ಸ್ಕ್ಯಾನು,
ಅತ್ತೆ ಕುಡಿಸಿದ ಯಾವುದೋ ಬೇರಿನ ಪುಡಿಯೂ
ಒಂದು ಮೂಲೆಯಲ್ಲಿ, ಪೆನ್ಸಿಲಿನಲ್ಲಿ.
ಎಲ್ಲಾ ಸರಿಯಿದೆ. ಎಲ್ಲಾ ಸರಿಯಿದೆ. ಮತ್ತೊಮ್ಮೆ ಮಾಡಿಸಿ.
ಅವನದು ಇದು ಮೊದಲನೇ ಹಾಳೆ.

ಅಂಟು ನೀರಾಗಲೆಂದು ಅರ್ಧ ಗಂಟೆ ಕಾಯುತ್ತೇನೆ.
ಕಾಯುವುದೆಂದರೆ ನಮ್ಮ ಮಾತಿನಲ್ಲಿ ದಾರಿ ನೋಡುವುದೂ ಹೌದು,
ಬಿಸಿಯಾಗುವುದೂ ಹೌದು.
ಬೆಳಗಿನ ನಾಲ್ಕಕ್ಕೇ ಬೇಕರಿಯ ಭಟ್ಟಿ ಕಾದಿರುತ್ತದೆ.
ರಾತ್ರಿ ಹತ್ತಕ್ಕೆ ವಿನುತಾ ಕಾದಿರುತ್ತಾಳೆ.

ಆ ಎರಡು ಗೋಲಿಗಳನ್ನು ಮೈಯಿಂದಾಚೆ
ಇಳಿಬಿಟ್ಟಿದ್ದು ಸುಮ್ಮನಲ್ಲ.
ಅಲ್ಲಿ ಎರಡು ಡಿಗ್ರಿ ತಂಪು ಬೇಕು,
ನೀರಿನ ಮಡಕೆಯ ಹಾಗೆ ಗಾಳಿಗಿರಬೇಕು.
ಹದಿನಾರು ವರ್ಷ, ಭಟ್ಟಿಯ ಬಾಯಿ
ಸರಿಯಾಗಿ ಅದೇ ಎತ್ತರಕ್ಕಿತ್ತು.
ಎಡಗಡೆ ನರವೂ ಊದಿಕೊಂಡಿದೆ, ಡಾಕ್ಟರ ಗೀಚು ಅಕ್ಷರದಲ್ಲಿ:
ಏರಬೇಕಾದ ರಕ್ತ ಅಲ್ಲೇ ಮಡುಗಟ್ಟಿ
ಅದೂ ಒಂದು ಒಲೆ.

ಹೆಣ್ಣಿನದು ಹಳೇ ಗಂಟು.
ವಿನುತಾ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗಲೇ
ಅಷ್ಟೂ ಮೊಟ್ಟೆ ಕಟ್ಟಿ ಕೊಟ್ಟಾಗಿತ್ತು.
ಆಮೇಲೆ ಬರೀ ಖರ್ಚು.
ಗಂಡಿನದು ದಿನಗೂಲಿ.
ಇವತ್ತು ಶುರುವಾದದ್ದಕ್ಕೆ ತಲೆ ಮೂಡಿ, ಬಾಲ ಮೂಡಿ,
ಕೆಲಸಕ್ಕೆ ಬರಲು ಎಪ್ಪತ್ತು ದಿನದ ಮೇಲೆ.

ಒಂದು ಹನಿ. ಚೌಕಾಬಾರದ ಮನೆಗಳಂತೆ
ಗೆರೆ ಕೊರೆದ ಗಾಜು.
ಮೇಲಿನ ಗೆರೆ ಮುಟ್ಟಿದ್ದು ಲೆಕ್ಕಕ್ಕುಂಟು, ಕೆಳಗಿನದು ಆಟಕ್ಕಿಲ್ಲ.
ಎರಡು ತಲೆಯದೊಂದು,
ಬಾಲ ಸುರುಳಿ ಸುತ್ತಿಕೊಂಡದ್ದೊಂದು,
ನಿಂತಲ್ಲೇ ನಡುಗುವವು,
ಗಾಣದ ಎತ್ತಿನಂತೆ ಸುತ್ತುವವು.
ನೇರ ಹೋಗುವುದೊಂದು ಕಂಡಿತು,
ನಾನು ಉಸಿರು ಬಿಡುವಷ್ಟರಲ್ಲಿ ಮನೆ ದಾಟಿತು.
ಕೈಯಲ್ಲಿನ ಯಂತ್ರ ಟಿಕ್ ಎಂದಿತು.
ಆಮೇಲೆ ಬಹಳ ಹೊತ್ತು ಟಿಕ್ ಇಲ್ಲ.
ಒಟ್ಟು ಇಪ್ಪತ್ತು ಲಕ್ಷ.
ಕೇಳಲು ಎಷ್ಟೊಂದು!
ಒಂದೂವರೆ ಕೋಟಿಯಾದರೂ ಇರಬೇಕಿತ್ತು.

ಬಂಜೆ ಎಂಬ ಮಾತಿಗೆ ಗಂಡುರೂಪ ಹುಡುಕಿದ್ದೇನೆ.
ಸಿಗುವುದು ಬೈಗುಳ, ಅದು ಬೇರೆಯೇ ಸಂಗತಿ.
ನನಗೆ ಬರೆಯಲು ಅಂಕಿ ಸಾಕು.
ಕಾರಣ ಎಂಬ ಕಾಲಂ ಖಾಲಿ ಬಿಡುತ್ತೇನೆ.
ಭಟ್ಟಿಯೋ, ನರವೋ,
ಹುಡುಗನಾಗಿದ್ದಾಗ ಬಂದ ಮಂಗನಬಾವೋ,
ಯಾವುದೂ ಅಲ್ಲವೋ.
ಎಷ್ಟೋ ಜನಕ್ಕೆ ಅದು ಗೊತ್ತಾಗದೆಯೇ ಹೋಗುತ್ತದೆ.

ಕಿಟಕಿಗೆ ಬಂದ.
"ಮೇಡಂ, ಒಲೆ ಕೆಲಸ ಬಿಟ್ರೆ?"
ಡಾಕ್ಟರ್ ಹೇಳ್ತಾರೆ ಎನ್ನಬೇಕು, ನಿಯಮ.
ಎಪ್ಪತ್ತು ದಿನ ಬಿಟ್ಟು ನೋಡಿ ಅಂದುಬಿಟ್ಟೆ.
ಬೆರಳು ಮಡಿಚಿ ಎಣಿಸಿದ, ನನ್ನ ಹಾಗೇ ತುಟಿ ಅಲುಗಿಸುತ್ತ.
"ಅಷ್ಟರಲ್ಲಿ ಗೌರಿ ಗಣೇಶ ಬರ್ತದಲ್ಲ.
ಸೀಸನ್ನು. ಓನರ್ರು ಬಿಡಲ್ಲ."

ಹಾಳೆ ತಿರುಗಿಸಿ ತಿರುಗಿಸಿ ನೋಡಿದ.
"ಇದರ ಮೇಲೆ ನನ್ನ ಹೆಸರು ಹಾಕಿಕೊಡಿ.
ಧರಣೇಶ. ಮನೇಲಿ ಅಮ್ಮನಿಗೆ ತೋರಿಸಬೇಕು."
ಅಮ್ಮನಿಗೆ ಓದು ಬರುತ್ತಾ ಅಂತ ಕೇಳಲಿಲ್ಲ.

ಆ ಹೆಸರಿಗೆ ಕಂಪ್ಯೂಟರಿನಲ್ಲಿ ಜಾಗವಿಲ್ಲ.
ವಿನುತಾ ಅವರ ಪತಿ ಎಂಬುದನ್ನು ಹೊಡೆದುಹಾಕದೆ
ಅದರ ಮೇಲೆ ಪೆನ್ನಿನಲ್ಲಿ ಬರೆದೆ, ದಪ್ಪಗೆ.
ಶಾಯಿ ಆರಲಿ, ಮುಟ್ಟಬೇಡಿ ಅಂದೆ.
ಕಾದ.